ಏಳನೆಯ ಕಣ

ಏಳನೆಯ ಕಣದ ಮೇಲೆ ಒಂದೇ ಒಂದು ಹೆಜ್ಜೆ ಇರಲಿಲ್ಲ. ಫೌಜದಾರ ಬಸಂತರಾಯರನ್ನು ಎರಡು ದಿನದಿಂದ ಕಾಡುತ್ತಿದ್ದದ್ದು ಅದೇ.

ಮುಳ್ಳುಕಂಟಿಯ ಬೇಲಿಯ ಹೊರಗೆ ಕುಕ್ಕರುಗಾಲಿನಲ್ಲಿ ಕೂತು ಅವರು ನೋಡುತ್ತಿದ್ದರು. ಮಂಗಳವಾರ ಮಧ್ಯಾಹ್ನ ತಾವೇ ನಿಂತು ಹಾಕಿಸಿದ ಬೇಲಿ. ಒಳಗೆ ಆರು ಮಾರು ಅಗಲದ ದುಂಡನೆಯ ಮರಳಿನ ಹಾಸು, ನಡುವೆ ಒಂದು ಕುಣಿ, ಕುಣಿಯಲ್ಲಿ ಏಳು ಎಂದು ಬರೆದ ತಗಡಿನ ಬಾವುಟ.

ಈ ಸೀಮೆಯ ಎರೆಭೂಮಿಯಲ್ಲಿ ಬೇಸಿಗೆಗೆ ಹುಲ್ಲು ನಿಲ್ಲುವುದಿಲ್ಲ. ನಿಡಗುಂದಿಯ ಆಚೆ ಕಾಲುವೆ ಕ್ಯಾಂಪಿನ ಎಂಜಿನಿಯರುಗಳು ತಮ್ಮ ಕ್ಲಬ್ಬಿಗೊಂದು ಗಾಲ್ಫ್ ಮೈದಾನ ಮಾಡಿಕೊಂಡಾಗ, ಚೆಂಡು ಉರುಳಿ ಕುಣಿಗೆ ಬೀಳುವ ಜಾಗದಲ್ಲೆಲ್ಲ ಹುಲ್ಲಿನ ಬದಲು ಹೊಳೆಮರಳಿಗೆ ಗಾಡಿಗಳ ಸುಟ್ಟ ಎಣ್ಣೆ ಕಲಸಿ ಹಾಸಿದ್ದರು. ಎಣ್ಣೆಯ ಭಾರಕ್ಕೆ ಮರಳು ಗಾಳಿಗೆ ಹಾರುವುದಿಲ್ಲ. ಸಾಹೇಬರು ಅದನ್ನು ಬ್ರೌನ್ ಅನ್ನುತ್ತಿದ್ದರು. ಒಕ್ಕಲುತನದ ಮನೆಗಳಿಂದ ಬಂದ ಮಾಲಿಗಳ ಕಣ್ಣಿಗೆ ಅದು ರಾಶಿ ಮಾಡುವ ಕಣದಂತೆ ಕಂಡಿತು. ಕಣ ಎಂದೇ ಕರೆದರು.

ಒಂದರಿಂದ ಎಂಟರವರೆಗೆ ಎಣ್ಣೆಯ ಕಣಗಳು. ಒಂಬತ್ತನೆಯದು ಮಾತ್ರ ಹಸಿರು ಹುಲ್ಲು. ಆ ಹುಲ್ಲನ್ನು ಬೆಳೆಸಿದ ಮಾಲಿ ಸೋಮನಿಂಗ ಮಂಗಳವಾರ ಬೆಳಿಗ್ಗೆ ಪಂಪ್‌ಸೆಟ್ಟಿನ ಬಾವಿಯ ಮೆಟ್ಟಿಲ ಮೇಲೆ ಸತ್ತು ಬಿದ್ದಿದ್ದ. ಒಡೆದ ತಲೆ ಕೆಳಗಿನ ನೀರಿನಲ್ಲಿ, ಬರಿಗಾಲು ಮೇಲಿನ ಒಣ ಮೆಟ್ಟಿಲಲ್ಲಿ.

ಆ ಅಂಗಾಲುಗಳಿಗೆ ಅಂಟಿದ ಮರಳಿಗೆ ಇರುವೆ ಮುತ್ತಿತ್ತು.

ಹೆಣ ಎತ್ತುವ ಗಡಿಬಿಡಿಯಲ್ಲಿ ಬೇರೆ ಯಾರೂ ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಬಸಂತರಾಯರು ತಂದುಕೊಂಡರು. ಕಳೆದ ವರ್ಷದಿಂದ ಪೆಟ್ರೋಲು, ಡೀಸೆಲ್ಲಿಗೆ ತುಟ್ಟಿಕಾಲ ಬಂದು, ಗ್ಯಾರೇಜುಗಳವರು ಸುಟ್ಟ ಎಣ್ಣೆಯನ್ನೂ ಹೊರಗೆ ಕೊಡುತ್ತಿರಲಿಲ್ಲ. ಹೀಗಾಗಿ ಈ ಬೇಸಿಗೆಗೆ ಏಳನೆಯ ಕಣವೊಂದಕ್ಕೆ ಸಿಂದಗಿಯ ಗಾಣದಿಂದ ಕುಸುಬಿ ಎಣ್ಣೆಯ ಮಡ್ಡಿ ತಂದು ಕಲಸಿದ್ದರು. ಸುಟ್ಟ ಎಣ್ಣೆಗೆ ಇರುವೆ ಬರುವುದಿಲ್ಲ. ಕುಸುಬಿಯ ಮಡ್ಡಿಗೆ ಬರುತ್ತದೆ.

ಅಂದರೆ ಸಾಯುವ ಮುಂಚೆ ಸೋಮನಿಂಗ ಬರಿಗಾಲಲ್ಲಿ ಈ ಕಣ ತುಳಿದಿದ್ದ. ತುಳಿದ ಗುರುತು ಮಾತ್ರ ಇಲ್ಲ. ಅವನ ಹೆಜ್ಜೆಗಳನ್ನು ಯಾರೋ ಅಳಿಸಿದ್ದರು. ಅಳಿಸಿದವರು ಯಾರೋ ಅವರೇ ಅವನನ್ನು ಬಾವಿಗೆ ಒಯ್ದವರು. ಎರಡು ದಿನದಿಂದ ಬಸಂತರಾಯರು ಈ ಲೆಕ್ಕವನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹಾಕಿ ನೋಡಿದ್ದರು. ಬೇರೆ ಉತ್ತರ ಬಂದಿರಲಿಲ್ಲ.

ಪಶ್ಚಿಮಕ್ಕೆ ಮೋಡ ಕಟ್ಟುತ್ತಿತ್ತು. ರೋಹಿಣಿಯ ಮೊದಲ ಮಳೆ ಇವತ್ತು ಬಿದ್ದರೆ ಈ ಕಣವೇ ಇರುವುದಿಲ್ಲ.

ಹವಾಲ್ದಾರ ಗುಡುಸಾಬ ಬೇಲಿಯ ಆಚೆ ನಿಂತು ಬೀಡಿ ಹಚ್ಚಿಕೊಂಡಿದ್ದ. ಸಾಹೇಬರ ಮೌನ ಅವನಿಗೆ ರೂಢಿಯಾಗಿತ್ತು. ಬಸವನಬಾಗೇವಾಡಿಯ ಠಾಣೆಗೆ ಅವರು ಬಂದ ಮೂರು ವರ್ಷದಲ್ಲಿ ಆ ಮೌನದ ಪಕ್ಕದಲ್ಲಿ ಕೂತು ಅವನು ಎಷ್ಟೋ ಬೀಡಿ ಸೇದಿ ಮುಗಿಸಿದ್ದ. ಸುಮ್ಮನಿರಲಾಗದೆ ಅಂದ:

"ನಮ್ಮ ಮನಿಯಾಕಿ ಸಗೀರಾ ನೆಲ ಸಾರಿಸಿದಂಗ ಐತ್ರಿ ಸಾಹೇಬ್ರ. ಹಿಂಗ ಸಾರಿಸಿ ಹೊಸ್ತಿಲದಾಗ ಕುಂತಳಂದ್ರ ನಂಗ ಸಂಜಿತನಕ ಒಳಗ ದಾರಿ ಇಲ್ಲ."

ಬಸಂತರಾಯರು ತಲೆ ಎತ್ತಿ ಅವನನ್ನು ನೋಡಿದರು. ಆಮೇಲೆ ಮತ್ತೆ ಕಣವನ್ನು ನೋಡಿದರು.

ಹೌದು. ಮರಳಿನ ಮೇಲೆ ಒಂದರ ಮೇಲೊಂದು ಏರಿದ ಅರ್ಧಚಂದ್ರಗಳು. ಸೆಗಣಿ ಸಾರಿಸುವ ಹೆಂಗಸು ದೇವರ ಜಗಲಿಯ ಕಡೆಯಿಂದ ಶುರುಮಾಡುತ್ತಾಳೆ. ಕೈಯನ್ನು ಎಡದಿಂದ ಬಲಕ್ಕೆ ಬೀಸುತ್ತ, ಹಿಂದೆ ಹಿಂದೆ ಸರಿಯುತ್ತ, ತನ್ನ ಹೆಜ್ಜೆಯನ್ನು ತಾನೇ ಅಳಿಸುತ್ತ, ಕೊನೆಗೆ ಬಾಗಿಲಿಗೆ ಬಂದು ಹೊರಗೆ ಇಳಿಯುತ್ತಾಳೆ. ಕೊನೆಯ ಅರ್ಧಚಂದ್ರ ಎಲ್ಲಿದೆಯೋ ಅಲ್ಲಿ ಬಾಗಿಲು.

ಅವರು ಎದ್ದು ಹೊರಟರು. ಗುಡುಸಾಬ ಬೀಡಿ ಬಿಸಾಕಿ ಹಿಂದೆ ಬಂದ. ಎರಡು ದಿನದಿಂದ ಆಟ ನಿಲ್ಲಿಸಿದ್ದರಿಂದ ಬೇರೆ ಕಣಗಳೂ ಮಂಗಳವಾರ ಬೆಳಿಗ್ಗೆ ಹಲಗೆ ಎಳೆದಂತೆಯೇ ಉಳಿದಿದ್ದವು. ಐದು, ನಾಲ್ಕು, ಮೂರು. ಎಲ್ಲದರಲ್ಲೂ ಅದೇ ಅರ್ಧಚಂದ್ರಗಳು. ಎಲ್ಲದರ ಬಾಗಿಲೂ ಪೂರ್ವಕ್ಕೆ, ಮಾಲಿಗಳ ಮನೆಗಳ ಕಡೆಗೆ.

ಏಳನೆಯದರ ಬಾಗಿಲು ಮಾತ್ರ ಉತ್ತರಕ್ಕಿತ್ತು. ಉತ್ತರಕ್ಕೆ ಬಾವಿ.

*

ಕ್ಲಬ್ಬಿನ ಸೆಕ್ರೆಟರಿ ಶಂಕರೆಪ್ಪನವರು ಆರನೆಯ ಕಣದ ಹತ್ತಿರ ಕಾಯುತ್ತಿದ್ದರು. ಬಿಳಿ ಪ್ಯಾಂಟು, ತಲೆಗೆ ಹತ್ತಿಬಟ್ಟೆಯ ಟೋಪಿ, ಕಾಲಿಗೆ ಕ್ಯಾನ್ವಾಸ್ ಬೂಟು. ಐದು ಗಂಟೆಗೆ ಬಿಜಾಪುರದಿಂದ ಸರ್ಕಲ್ ಸಾಹೇಬರ ಜೀಪು ಬರುತ್ತದೆ, ಸಂಶಯದ ಮೇಲೆ ಹಿಡಿದಿಟ್ಟ ಹಳೆಯ ಮಾಲಿ ಪರಪ್ಪನನ್ನು ಒಯ್ಯುತ್ತದೆ ಎಂದು ನೆನಪಿಸಿದರು. ಇನ್ನೂ ಈ ಮರಳಿನಲ್ಲಿ ಏನು ಹುಡುಕುವುದಿದೆ ಎಂದು ಕೇಳಿದರು. ಹೊಟ್ಟೆಕಿಚ್ಚಿನ ಕೊಲೆ ಎಂದು ಕ್ಯಾಂಪಿನ ನಳದ ಹತ್ತಿರ ಪಾಳಿ ನಿಲ್ಲುವ ಹೆಂಗಸರಿಗೂ ಗೊತ್ತಿದೆ ಎಂದರು.

ಹೊಟ್ಟೆಕಿಚ್ಚು ಅನ್ನುವುದನ್ನು ಶಂಕರೆಪ್ಪನವರು ಬೇರೆಯವರ ಮನೆಯ ರೋಗದಂತೆ ಹೇಳುತ್ತಿದ್ದರು. ಅದು ಹಾಗಲ್ಲ ಎಂದು ಬಸಂತರಾಯರಿಗೆ ಗೊತ್ತಿತ್ತು. ಸರ್ಕಲ್ ಸಾಹೇಬರು ಧಾರವಾಡದಲ್ಲಿ ಅವರ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಜೀಪಿನ ಸದ್ದು ಕೇಳಿದಾಗಲೆಲ್ಲ, ಇಳಿದು ಬರುವ ಆ ಮನುಷ್ಯನ ಹೆಗಲ ಮೇಲಿನ ನಕ್ಷತ್ರಗಳನ್ನು ನೋಡದಿರಲು ಬಸಂತರಾಯರು ಪ್ರಯತ್ನಪಟ್ಟು ಸೋಲುತ್ತಿದ್ದರು. ಇವತ್ತು ಪರಪ್ಪನನ್ನು ಬಿಡಿಸಬೇಕೆಂದು ತಮಗೆ ಇಷ್ಟು ಆಸೆ ಯಾಕೆ ಎಂದು ಬೆಳಗಿನಿಂದ ಕೇಳಿಕೊಂಡಿದ್ದರು. ನ್ಯಾಯಕ್ಕೋ, ಆ ಜೀಪು ಬರಿದಾಗಿ ಹೋಗಲಿ ಎಂದೋ?

ಬೇವಿನ ನೆರಳಲ್ಲಿ ಪರಪ್ಪ ಕೂತಿದ್ದ. ವಯಸ್ಸು ಐವತ್ತೈದು. ಕೈಗೆ ಬೇಡಿ, ಪಕ್ಕದಲ್ಲಿ ಒಬ್ಬ ಪೊಲೀಸ. ಹೆಣ ಸಿಕ್ಕಂದಿನಿಂದ ಅವನು ಮಾತಾಡಿರಲಿಲ್ಲ. ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ. ಕೊಟ್ಟ ರೊಟ್ಟಿ ತಿಂದಿದ್ದ, ತೋರಿಸಿದ ಜಾಗದಲ್ಲಿ ಮಲಗಿದ್ದ.

ಅವನ ಮೇಲಿನ ದೂರು ಗಟ್ಟಿಯಾಗಿಯೇ ಇತ್ತು. ಹತ್ತು ವರ್ಷದ ಹಿಂದೆ ಬರೀ ಜಾಲಿಕಂಟಿ ಇದ್ದ ನೆಲವನ್ನು ಮೈದಾನ ಮಾಡಿದವನು ಅವನು. ಬೇಸಿಗೆಗೆ ಎರೆನೆಲ ಕಾಲು ಇಳಿಯುವಷ್ಟು ಬಿರಿಯುತ್ತದೆ. ಬಿದ್ದ ಚೆಂಡು ಕೈಗೆ ಸಿಗುವುದಿಲ್ಲ. ಕೊಲ್ಹಾರದ ಹೊಳೆದಂಡೆಯಿಂದ ಚಕ್ಕಡಿಯಲ್ಲಿ ಮರಳು ಹೊಡೆದು ಒಂದೊಂದೇ ಬಿರುಕು ತುಂಬಬೇಕು. ಮುಂಗಾರು ಬಿದ್ದರೆ ಅದೇ ನೆಲ ಉಬ್ಬಿ ತುಂಬಿದ ಮರಳನ್ನೆಲ್ಲ ಹೊರಗೆ ಕಾರುತ್ತದೆ. ಆಗ ಎರಡು ತಿಂಗಳು ಆಟ ಬಂದ್. ಗಟಾರು ತೋಡಿ ನೀರು ಬಿಡಬೇಕು, ಕಣಗಳಿಗೆ ತಾಡಪತ್ರಿ ಹೊದಿಸಬೇಕು. ಹಿಂಗಾರಿಗೆ ಎದ್ದ ಕಸ ಕುಡಗೋಲಿಗೆ. ಚಳಿಯ ಇಬ್ಬನಿಗೆ ಎಣ್ಣೆಮರಳು ಗಂಟು ಕಟ್ಟುತ್ತದೆ. ಜರಡಿ ಹಿಡಿದು ಮತ್ತೆ ಹಾಸಬೇಕು. ವರ್ಷದ ಒಂದೊಂದು ಮಳೆಯೂ ಒಂದೊಂದು ಗಾಳಿಯೂ ಪರಪ್ಪನಿಗೆ ಒಂದೊಂದು ಕೆಲಸ ಹೇಳುತ್ತಿತ್ತು.

ಇದೆಲ್ಲಕ್ಕಿಂತ ಅವನು ಹೆಸರಾದದ್ದು ಕಣ ಎಳೆಯುವ ಕೈಗೆ. ಗೋಣಿ ಸುತ್ತಿದ ಹಲಗೆಗೆ ಹಗ್ಗ ಕಟ್ಟಿ ಎಳೆದು ಮರಳನ್ನು ಸಮ ಮಾಡುವುದು ಎಲ್ಲ ಕಡೆ ಇದ್ದದ್ದೇ. ಆದರೆ ಪರಪ್ಪನ ಕಣದ ಮೇಲೆ ಚೆಂಡು ಬಿಟ್ಟರೆ ತುಪ್ಪದ ಮೇಲೆ ಬಿಟ್ಟಂತೆ ಹೋಗುತ್ತದೆ ಎಂದು ಹೊರಗಿನಿಂದ ಬಂದ ದೊಡ್ಡ ಸಾಹೇಬರುಗಳೂ ಅಂದಿದ್ದರು. ಪ್ರತಿವರ್ಷ ಕ್ಲಬ್ಬಿನ ಸಮಾರಂಭದಲ್ಲಿ ಅವನಿಗೆ ಜರಿಯಂಚಿನ ರುಮಾಲು ಸುತ್ತುತ್ತಿದ್ದರು.

ಎರಡು ವರ್ಷದ ಹಿಂದೆ ಆಲಮೇಲದ ಸೋಮನಿಂಗ ಬಂದ. ಬೆಳಗಾವಿಯ ಕಡೆ ಹುಲ್ಲಿನ ಕೆಲಸ ಕಲಿತವನು. ಒಂಬತ್ತನೆಯ ಕಣದ ಎಣ್ಣೆಮರಳು ಕಿತ್ತು, ಕೆರೆಮಣ್ಣು ಹಾಕಿ, ಕರಿಕೆ ಹುಲ್ಲು ನೆಟ್ಟ. ನಸುಕಿನಲ್ಲಿ ಪಂಪು ಬಿಟ್ಟು ನೀರು ಕೊಟ್ಟ. ಕ್ಯಾಂಪಿನ ಹೆಂಗಸರು ಆ ಹುಲ್ಲು ಕುಡಿಯುವ ನೀರಿಗೆ ಕಣ್ಣು ಹಾಕಿದರು; ಸಾಹೇಬರು ಅದರ ಹಸಿರಿಗೆ ಕಣ್ಣು ಹಾಕಿದರು. ಈ ವರ್ಷ ರುಮಾಲು ಸೋಮನಿಂಗನ ತಲೆಗೆ ಹೋಯಿತು. ಈ ಮಳೆಗಾಲದಲ್ಲಿ ಎಂಟೂ ಎಣ್ಣೆಯ ಕಣಗಳನ್ನು ಅಗೆದು ಹುಲ್ಲು ಹಾಕುವುದೆಂದು ಠರಾವು ಆಯಿತು. ಆ ಸಂಜೆ ಪರಪ್ಪ, ಆ ಹುಲ್ಲು ಒಣಗುವುದನ್ನು ನೋಡಿಯೇ ತಾನು ಸಾಯುವುದೆಂದು ಕ್ಯಾಂಟೀನಿನಲ್ಲಿ ಅಂದಿದ್ದಕ್ಕೆ ನಾಲ್ಕು ಸಾಕ್ಷಿ ಇದ್ದರು.

"ಬೇಡಿ ತೆಗಿ," ಎಂದರು ಬಸಂತರಾಯರು. "ಹಲಗಿ ತರ್ರಿ. ಪರಪ್ಪಾ, ಈ ಆರನೇ ಕಣಾ ಎಳದು ತೋರಸು."

ಶಂಕರೆಪ್ಪನವರು ನಕ್ಕರು. ಪರಪ್ಪ ನಗಲಿಲ್ಲ. ಎದ್ದು ಬಂದು ಹಲಗೆಯನ್ನು ನೋಡಿದ. ಅದನ್ನು ಮುಟ್ಟಲು ಅವನಿಗೆ ಮನಸ್ಸಿರಲಿಲ್ಲ. ಗುಡುಸಾಬ ಕಣದ ಮೇಲೆ ಬೇಕೆಂದೇ ಓಡಾಡಿ ಬೂಟುಗಾಲಿನ ಗುರುತು ಮಾಡಿ ಹೊರಗೆ ಬಂದ.

ಪರಪ್ಪ ಹಗ್ಗವನ್ನು ಹೆಗಲಿಗೆ ಹಾಕಿಕೊಂಡ. ಬಲಗೈ ಎದೆಯ ಮಟ್ಟಕ್ಕೆ ಬಂದು ನಿಂತಿತು, ಮೇಲೆ ಏರಲಿಲ್ಲ. ಅವನು ಎತ್ತಿನಂತೆ ಮುಂದೆ ಬಾಗಿ, ಕುಣಿಯ ಸುತ್ತ ಸುತ್ತು ಬರತೊಡಗಿದ. ಹಲಗೆ ಅವನ ಹಿಂದೆ ಒಂದು ಮಗ್ಗಲು ಎದ್ದು ಒಂದು ಮಗ್ಗಲು ಹೂತು ಬರುತ್ತಿತ್ತು. ಸುತ್ತಿನಿಂದ ಸುತ್ತಿಗೆ ನಡುವೆ ಬೆರಳು ಎತ್ತರದ ಒಡ್ಡು ನಿಂತಿತು. ಬೂಟಿನ ಗುರುತುಗಳು ಹೋದವು, ಅವುಗಳ ಬದಲು ಕಣದ ತುಂಬ ನೇಗಿಲು ಹೊಡೆದಂತಾಯಿತು.

ಶಂಕರೆಪ್ಪನವರು ಹುಬ್ಬು ಗಂಟಿಕ್ಕಿದರು. ಬೇಕಂತ ಕೆಡಿಸಾಕತ್ತಾನ ಎಂದರು.

ಬಸಂತರಾಯರು ಪರಪ್ಪನ ಮುಖ ನೋಡುತ್ತಿದ್ದರು. ಬೇಕೆಂದು ಕೆಡಿಸುವವನ ಮುಖ ಅದಲ್ಲ. ಅವನ ಹಣೆಯ ಮೇಲೆ ಬೆವರಿತ್ತು. ಕಣ್ಣು ನೆಲ ಬಿಟ್ಟು ಏಳಲಿಲ್ಲ. ಹತ್ತು ಜನರ ನಡುವೆ ಅಂಗಿ ಬಿಚ್ಚಿಸಿದರೆ ಮನುಷ್ಯ ಹೀಗೆ ನಿಲ್ಲುತ್ತಾನೆ.

ಆಗ ಮಾಲಿಗಳ ಮನೆಗಳ ಕಡೆಯಿಂದ ಸಿದ್ದವ್ವ ಬರುತ್ತಿದ್ದಳು.

ಪರಪ್ಪನ ಹೆಂಡತಿ. ಗಿಡ್ಡ, ಗಟ್ಟಿ ಮೈ. ಗಂಡನಿಗೆ ರೊಟ್ಟಿ ಕಟ್ಟಿಕೊಂಡು ದಿನಕ್ಕೆ ಎರಡು ಸಲ ಬರುತ್ತಿದ್ದಳು. ಅವತ್ತು ಬೆಳಿಗ್ಗೆ ಗಂಡ ಮನೆಯಲ್ಲೇ ಇದ್ದ ಎಂದು ಹೇಳಿಕೆ ಕೊಟ್ಟಿದ್ದಳು. ಹೆಂಡತಿಯ ಮಾತೆಂದು ಯಾರೂ ಅದನ್ನು ಹಿಡಿದಿರಲಿಲ್ಲ. ಬುತ್ತಿಯನ್ನು ಬೇವಿನ ಬುಡದಲ್ಲಿಟ್ಟು ಸೆರಗು ಸರಿಮಾಡಿಕೊಂಡು ತಿರುಗಿದವಳು ಆರನೆಯ ಕಣವನ್ನು ಕಂಡಳು.

ಅವಳು ಫೌಜದಾರರನ್ನು ನೋಡಲಿಲ್ಲ, ಸೆಕ್ರೆಟರಿಯನ್ನು ನೋಡಲಿಲ್ಲ. ಅಲ್ಲಿಗೆ ಹೆಂಗಸರು ಕಾಲಿಡಬಾರದೆಂಬ ಕ್ಲಬ್ಬಿನ ಕಾಯಿದೆಯೂ ಅವಳಿಗೆ ಆ ಗಳಿಗೆ ನೆನಪಿದ್ದಂತೆ ಕಾಣಲಿಲ್ಲ. ನೇರ ಬಂದು ಗಂಡನ ಹೆಗಲ ಮೇಲಿನ ಹಗ್ಗ ತೆಗೆದುಕೊಂಡಳು.

"ಸರಿ," ಎಂದಳು ಗಂಡನಿಗೆ.

ಅವನು ಸರಿದ.

ಅವಳು ಚಪ್ಪಲಿ ಬಿಟ್ಟು ಕಣದ ಪಶ್ಚಿಮದ ಅಂಚಿಗೆ ಹೋದಳು. ಹಗ್ಗವನ್ನು ಮೊಣಕೈಗೆ ಸುತ್ತಿ ಗಿಡ್ಡ ಮಾಡಿಕೊಂಡಳು. ಬಾಗಿ, ಹಲಗೆಯನ್ನು ಎಡದಿಂದ ಬಲಕ್ಕೆ ಬೀಸಿದಳು. ಒಂದು ಹೆಜ್ಜೆ ಹಿಂದೆ. ಬಲದಿಂದ ಎಡಕ್ಕೆ. ಇನ್ನೊಂದು ಹೆಜ್ಜೆ ಹಿಂದೆ. ಗೋಣಿ ಮರಳಿನ ಮೇಲೆ ಉಸಿರು ಬಿಟ್ಟಂತೆ ಸದ್ದು ಮಾಡುತ್ತಿತ್ತು. ಒಡ್ಡುಗಳು ಕರಗಿದವು. ಅರ್ಧಚಂದ್ರದ ಮೇಲೆ ಅರ್ಧಚಂದ್ರ ಏರಿತು. ಕುಣಿಯ ಹತ್ತಿರ ಬಂದಾಗ ಮಾತ್ರ ಹಲಗೆಯ ಮೂಲೆಯನ್ನು ಎತ್ತಿ, ಕಣ್ಣಿಗೆ ಕಾಡಿಗೆ ತೀಡುವಂತೆ ಅದರ ಬಾಯಿಯ ಸುತ್ತ ಒಮ್ಮೆ ತಿರುಗಿಸಿದಳು. ಆಮೇಲೆ ಮತ್ತೆ ಹಿಂದೆ, ಹಿಂದೆ, ಪೂರ್ವದ ಅಂಚಿಗೆ ಬಂದು ಹೊರಗೆ ಇಳಿದಳು.

ಮೈ ನೆಟ್ಟಗೆ ಮಾಡಿದಾಗ ಅವಳ ಮುಖದಲ್ಲಿ ಒಂದು ಕ್ಷಣ ತೃಪ್ತಿಯಿತ್ತು. ಮರುಕ್ಷಣ, ತನ್ನನ್ನು ಯಾರೆಲ್ಲ ನೋಡುತ್ತಿದ್ದಾರೆ ಎಂಬುದು ಅವಳಿಗೆ ತಿಳಿಯಿತು. ಹಗ್ಗ ಅವಳ ಕೈಯಿಂದ ಜಾರಿತು.



ಶಂಕರೆಪ್ಪನವರು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಒಂಬತ್ತು ವರ್ಷ ಇವನ ತಲೆಗೆ ರುಮಾಲು ಸುತ್ತಿದವರು ತಾವೇ ಎಂದು ಮೆಲ್ಲಗೆ, ತಮಗೆ ತಾವೇ ಹೇಳಿಕೊಂಡರು.

"ತೋಳು ಕಳಚಿ ಹತ್ತು ವರ್ಷ ಆತ್ರಿ," ಎಂದಳು ಸಿದ್ದವ್ವ. ಈಗ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಚಕ್ಕಡಿ ಮಗುಚಿ ಬಿದ್ದ ವರ್ಷವೇ ಗಂಡನ ಬಲತೋಳಿನ ಬಲ ಹೋಗಿತ್ತು. ಗೊತ್ತಾದರೆ ನೌಕರಿ ಹೋಗುತ್ತದೆ, ಮನೆ ಬಿಡಿಸುತ್ತಾರೆ. ನಸುಕಿಗೆ ಎದ್ದು ಯಾರೂ ಬರುವ ಮುಂಚೆ ಎಂಟೂ ಕಣ ಅವಳೇ ಎಳೆಯುತ್ತಿದ್ದಳು. ಸಾಹೇಬರು ಬರುವ ಹೊತ್ತಿಗೆ ಪರಪ್ಪ ಹಲಗೆಯ ಪಕ್ಕದಲ್ಲಿ ನಿಂತಿರುತ್ತಿದ್ದ. ರುಮಾಲು ಅವನಿಗೆ ಬರುತ್ತಿತ್ತು. ಒಗೆದು ಮಡಿಚಿ ಇಡುವುದು ಅವಳಿಗೆ.

ಇಷ್ಟನ್ನೂ ಅವಳು ದೂರಿನಂತೆ ಹೇಳಲಿಲ್ಲ. ಹೇಳದೆ ಇಷ್ಟು ವರ್ಷ ಇಟ್ಟದ್ದರಿಂದಲೋ ಏನೋ, ಒಂದೊಂದು ಮಾತೂ ನುಣುಪಾಗಿತ್ತು.

ತಾವು ಮಾಡಿದ್ದೇನು ಎಂಬುದು ಬಸಂತರಾಯರಿಗೆ ಈಗ ಹೊಳೆಯಿತು. ಏಳನೆಯ ಕಣವನ್ನು ಎಳೆದವರೇ ಕೊಂದವರು ಎಂದು ಲೆಕ್ಕ ಹಾಕಿದ್ದರು. ಪರಪ್ಪನಿಗೆ ಎಳೆಯಲು ಬರುವುದಿಲ್ಲ ಎಂದು ಈಗ ಐದು ಜನರ ಕಣ್ಣೆದುರು ಸಾಬೀತು ಮಾಡಿದ್ದರು. ಗಂಡನನ್ನು ಹೊರಗೆ ತಂದ ಬಾಗಿಲಿನಲ್ಲಿ ಹೆಂಡತಿ ಒಳಗೆ ಹೋಗುತ್ತಿದ್ದಳು.

ಅವಳಿಗೂ ಕಾರಣವಿತ್ತು. ಗಂಡನಿಗಿಂತ ದೊಡ್ಡ ಕಾರಣ. ಅಗೆದು ಹಾಕಲಿದ್ದ ಎಂಟು ಕಣಗಳು ಪರಪ್ಪನವಲ್ಲ, ಅವಳವು.

"ಸಿದ್ದವ್ವ," ಎಂದರು. "ಏಳನೇದು?"

ಅವಳು ಬಾಯಿ ತೆರೆಯುವ ಮುಂಚೆ ಬೇರೆ ದನಿ ಬಂತು. ಎರಡು ದಿನ ಬಳಸದೆ ಬಿಟ್ಟ ದನಿ, ಗೊಗ್ಗರಾಗಿತ್ತು.

"ಏಳನೇದು ನಾನ ಎಳದೇನ್ರಿ," ಎಂದ ಪರಪ್ಪ.

ಗುಡುಸಾಬನಿಗೆ ತಡೆಯಲಾಗಲಿಲ್ಲ. "ಈಗ ನೋಡಿದೆವಲ್ಲೊ ಮಾರಾಯ, ನೀ ಎಳಿಯೂದನ್ನ."

"ನಾನ ಎಳದೇನಿ. ಬರಕೋರಿ."

ಬಸಂತರಾಯರು ಅವನಿಗೆ ಒಂದೊಂದೇ ಮಾತು ಬಿಡಿಸಿ ಹೇಳಿದರು. ಎಳೆದವನು ತಾನೆಂದು ಬರೆಸಿದರೆ ಕೊಂದವನೂ ತಾನೆಂದು ಆಗುತ್ತದೆ. ಐದಕ್ಕೆ ಜೀಪು ಬರುತ್ತದೆ. ಆಮೇಲೆ ತಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

"ಆಗಲಿ," ಎಂದ.

ಹೆಂಡತಿಯನ್ನು ಉಳಿಸುತ್ತಿದ್ದಾನೆ ಎಂದು ಬಸಂತರಾಯರಿಗೆ ಅನಿಸಿತು. ಬೇರೆ ಯಾರು ನೋಡಿದರೂ ಹಾಗೇ ಅನಿಸುತ್ತಿತ್ತು. ಸಿದ್ದವ್ವನಿಗೆ ಮಾತ್ರ ಹಾಗೆ ಅನಿಸಲಿಲ್ಲ. ಅವಳು ಗಂಡನ ಕಡೆ ಪೂರ್ತಿ ತಿರುಗಿದಳು. ಅವಳ ಕಣ್ಣಿನಲ್ಲಿ ಇದ್ದದ್ದು ಕೃತಜ್ಞತೆಯಲ್ಲ.

"ಅದನ್ನೂ ನಿಂದು ಅಂತ ಬರಸ್ತಿಯೇನು?"

ಪರಪ್ಪ ತಲೆ ತಗ್ಗಿಸಿದ.

"ಎಂಟೂ ನಿನ್ನ ಹೆಸರಲೇ ಹೋದ್ವು. ನಾ ಏನರ ಅಂದೆನೇನು? ಇದೊಂದು ಬ್ಯಾಡ." ಅವಳು ಫೌಜದಾರರ ಕಡೆ ನೋಡಿದಳು. "ಏಳನೇದು ಇಂವನೂ ಎಳದಿಲ್ಲ, ನಾನೂ ಎಳದಿಲ್ರಿ. ಎಳದಾಂವ ಸೋಮನಿಂಗ."

ಬಸಂತರಾಯರು ಕೈಯಲ್ಲಿದ್ದ ಪೆನ್ಸಿಲ್ಲನ್ನು ಹಾಳೆಯ ಮೇಲೆ ಊರಿದ್ದರು. ಅದು ಹಾಗೆಯೇ ನಿಂತಿತು.

ಸಿದ್ದವ್ವ ಹೇಳಿದಳು. ಹುಲ್ಲಿಗೆ ನೀರು ಬಿಡಲು ಸೋಮನಿಂಗನೂ ನಸುಕಿಗೇ ಬರುತ್ತಿದ್ದ. ಅವನು ಬರುವುದರೊಳಗೆ ಅವಳು ಎಳೆದು ಮುಗಿಸಿರುತ್ತಿದ್ದಳು; ಮೂರು ವಾರದ ಹಿಂದೆ ಒಂದು ದಿನ ತಡವಾಗಿ, ಅವನು ಅವಳನ್ನು ಕಣದ ಮೇಲೆ ಕಂಡ. ಯಾರಿಗೂ ಹೇಳಲಿಲ್ಲ. ಮರುದಿನ ಬಂದು, ಈ ಕೈ ಹೆಂಗಸಿನದು ಎಂದು ತನಗೆ ಬಂದ ವಾರವೇ ಅನಿಸಿತ್ತು, ಆಲಮೇಲದಲ್ಲಿ ತನ್ನ ತಾಯಿ ಹೀಗೇ ಸಾರಿಸುತ್ತಾಳೆ ಎಂದ. ಹುಲ್ಲು ಬಂದ ಮೇಲೆ ಈ ವಿದ್ಯೆ ಇಲ್ಲದಾಗುತ್ತದೆ, ತನಗೆ ಕಲಿಸಬೇಕು ಎಂದ. ರುಮಾಲು ತನಗೆ ಬಂದದ್ದಕ್ಕೆ ಅವಳ ಮುಂದೆ ತಲೆ ತಗ್ಗಿಸಿ ನಿಂತ.

"ಅಂವನ ಹುಲ್ಲಿನ ಮ್ಯಾಲ ನಂಗೂ ಸಿಟ್ಟಿತ್ರಿ," ಎಂದಳು. "ದಿನಾ ಮುಂಜಾನೆ ಆ ಹಸರು ನೋಡಿದ್ರ ಹೊಟ್ಯಾಗ ಕೆಂಡ ಇಟ್ಟಂಗ ಆಗ್ತಿತ್ತು. ಆದ್ರ ಹತ್ತು ವರ್ಷದಾಗ ನನ್ನ ಕೈನ ಗುರ್ತು ಹಿಡದಾಂವ ಅಂವೊಬ್ಬ. ಕಲಸೂದಿಲ್ಲ ಅಂತ ಹೆಂಗ ಅನ್ಲಿ?"

ಮಂಗಳವಾರ ಒಂದರಿಂದ ಆರರವರೆಗೆ ಅವಳು ಎಳೆದಳು. ಏಳನೆಯದನ್ನು ಇಡಿಯಾಗಿ ತಾನೇ ಎಳೆಯುತ್ತೇನೆಂದು ಸೋಮನಿಂಗ ಹಲಗೆ ಇಸಿದುಕೊಂಡ. ಅಂಚಿನಲ್ಲಿ ನಿಂತು ಅವಳು ನೋಡಿದಳು. ಚೆನ್ನಾಗಿ ಎಳೆದ. ಕೊನೆಯಲ್ಲಿ ಬಾಗಿಲು ಮಾತ್ರ ತಪ್ಪಿದ. ಪಂಪಿನ ಕಡೆ ಹೋಗುವ ಅವಸರಕ್ಕೆ ಉತ್ತರಕ್ಕೆ ಇಳಿದ. ಅವಳು ಬೈದಳು, ಅವನು ನಕ್ಕ. ಹಲಗೆಯನ್ನು ಅವಳ ಕೈಗೆ ಕೊಟ್ಟು ಬಾವಿಯ ಕಡೆ ಹೋದ. ಅವಳು ಎಂಟನೆಯದಕ್ಕೆ ಹೋದಳು.

"ಪಂಪಿನ ಸಪ್ಪಳ ಬರಲಿಲ್ಲ. ಕರೆಂಟ್ ಹೋಗಿರಬೇಕು ಅಂತ ಅನಕೊಂಡೆ."

ಅಷ್ಟೇ ಅವಳಲ್ಲಿ ಇದ್ದದ್ದು.

ಬಸಂತರಾಯರು ಬರೆದುಕೊಂಡದ್ದನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿದರು. ಎಲ್ಲವೂ ಕೂಡುತ್ತಿತ್ತು. ಅಂಗಾಲಿನ ಮರಳು, ಇರುವೆ, ಉತ್ತರದ ಬಾಗಿಲು. ಹೆಜ್ಜೆ ಅಳಿಸಿದವನು ಕೊಲೆಗಾರನಲ್ಲ, ಸತ್ತವನೇ. ತನ್ನ ಕಾಲಮೇಲೆ ತಾನು ನಡೆದು ಬಾವಿಗೆ ಹೋದವನು. ಎಣ್ಣೆ ಮೆತ್ತಿದ ಬರಿಗಾಲು, ಕಲ್ಲಿನ ಮೆಟ್ಟಿಲು, ನಸುಕಿನ ಕತ್ತಲು. ತಲೆಯ ಗಾಯ ಕಲ್ಲಿನದೂ ಇರಬಹುದು, ಹೊಡೆತದ್ದೂ ಇರಬಹುದು ಎಂದು ಹೆಣ ಪರೀಕ್ಷೆ ಮಾಡಿದ ಮುದ್ದೇಬಿಹಾಳದ ಡಾಕ್ಟರು ಬರೆದಿದ್ದರು. ಕಾಲು ಜಾರಿ ಬಿದ್ದನೆಂದರೆ ಇಲ್ಲ ಅನ್ನಲು ಈಗ ಯಾವ ಪುರಾವೆಯೂ ಇರಲಿಲ್ಲ. ಪರಪ್ಪ ಹೊಟ್ಟೆ ಉರಿದುಕೊಂಡದ್ದು ನಿಜ. ಆದರೆ ಅವನ ಉರಿ ಹುಲ್ಲಿನ ಮೇಲೆ. ಹುಲ್ಲು ಇನ್ನೂ ಹಸಿರಾಗಿಯೇ ಇತ್ತು.

ದೂರದಲ್ಲಿ, ನಿಡಗುಂದಿಯ ರಸ್ತೆಯ ಮೇಲೆ ಧೂಳೆದ್ದಿತ್ತು. ಜೀಪು. ಇವತ್ತು ಅದು ಬರಿದಾಗಿ ಹೋಗುತ್ತದೆ ಎಂದು ಅನಿಸಿದಾಗ ತಮ್ಮೊಳಗೆ ಎದ್ದ ಸಂತೋಷವನ್ನು ಬಸಂತರಾಯರು ಗುರುತಿಸಿದರು, ನಾಚಿದರು.

ಶಂಕರೆಪ್ಪನವರನ್ನು ಕೇಳಿದರು, ಇದಕ್ಕೆ ಏನಾದರೂ ಹೇಳುವುದಿದೆಯೇ ಎಂದು. ಅವರು ಇಲ್ಲವೆಂದು ತಲೆಯಾಡಿಸಿದರು. ಬಸಂತರಾಯರು ಬೇಡಿಯನ್ನು ಜೀಪಿನವರಿಗೆ ಹಿಂದಿರುಗಿಸುವಂತೆ ಗುಡುಸಾಬನಿಗೆ ಹೇಳಿದರು.

"ಪರಪ್ಪಾ, ಮನಿಗೆ ನಡಿ," ಎಂದರು. "ಹೇಳಿಕೆ ಗಿಳಿಕೆ ನಾಳೆ ನೋಡೂಣು. ಇಷ್ಟು ದಿನ ಹೆಂಗ ಸುಮ್ಮನಿದ್ದಿ, ಇನ್ನೊಂದು ದಿನ ಹಂಗ ಇರು."

ಸಿದ್ದವ್ವ ಬುತ್ತಿ ಎತ್ತಿಕೊಂಡಳು. ಚಪ್ಪಲಿ ಮೆಟ್ಟಿದಳು. ಗಂಡ ಬರುತ್ತಾನೆಂದು ನಾಲ್ಕು ಹೆಜ್ಜೆ ಮುಂದೆ ನಡೆದಳು.

ಪರಪ್ಪ ಕದಲಲಿಲ್ಲ. ಅವನು ಏಳನೆಯ ಕಣದ ಕಡೆ ನೋಡುತ್ತ ನಿಂತಿದ್ದ. ಎಲ್ಲರ ಮುಂದೆ ತನಗೆ ಎಳೆಯುವ ಕೈ ಇಲ್ಲವೆಂದು ತೋರಿಸಿಕೊಟ್ಟಾಗಲೂ ಇಷ್ಟು ಗಟ್ಟಿಯಾಗಿ ಅವನ ದವಡೆ ಬಿಗಿದಿರಲಿಲ್ಲ. ಬಸಂತರಾಯರಿಗೆ ಆ ಮುಖ ನೋಡಿ ಒಮ್ಮೆಲೇ ಹೆದರಿಕೆಯಾಯಿತು. ಸುಮ್ಮನಿರು ಎಂದು ಇನ್ನೊಮ್ಮೆ ಹೇಳಬೇಕೆಂದುಕೊಂಡರು. ಹೊತ್ತು ಮೀರಿತ್ತು.

"ಏಳನೇದು ಒಂದ ಅಲ್ರಿ ಸಾಹೇಬ್ರ," ಎಂದ ಪರಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದವನು ತಿಳಿಯದವರನ್ನು ತಿದ್ದುವ ಸಮಾಧಾನವಿತ್ತು. "ಎಂಟು ದಿನದ ಹಿಂದ ಎರಡನೇದು ಅಂವನ ಎಳದಿದ್ದ. ಆಮ್ಯಾಲ ಐದನೇದು. ಆಕಿ ಹಿಂದ ನಿಂತು ಅಂವನ ಮೊಣಕೈ ಹಿಡದು ತಿರವಿ ತೋರಸ್ತಿದ್ಲು. ಆವತ್ತ ಮುಂಜಾನೆನೂ."

ಮುಂದೆ ನಡೆದಿದ್ದ ಸಿದ್ದವ್ವನ ಕಾಲು ನಿಂತಿತು. ಅವಳು ತಿರುಗಿ ನೋಡಲಿಲ್ಲ.

"ಎಳಿಯಾಕ ಬರದಿದ್ರೇನಾತು," ಎಂದ ಪರಪ್ಪ. "ನಂಗ ಕಣ್ಣಿಲ್ಲೇನ್ರಿ? ಬಾವಿ ಮೆಟ್ಟಲ ಮ್ಯಾಲ ಕುಂತ್ರ ಎಂಟೂ ಕಣಾ ಕಾಣ್ತಾವು."